ಕಡಿಮೆ ಖರ್ಚಿನಲ್ಲಿ ಮನೆಯ ಸ್ಟೀರಿಯೊಗೆ ಡ್ಯಾಕ್ ಆರಿಸುವ ಬಗೆ

ಮಲ್ಲಿಕಾರ್ಜುನ ಮನಸೂರರ ಹಾಡಿಕೆಯನ್ನು ಧಾರವಾಡದ ತಮ್ಮ ಮನೆಯಲ್ಲಿ ಕಂಪ್ಯೂಟರಿನಿಂದ ಹಳೆಯ ಆಂಪ್ಲಿಫೈಯರಿಗೆ ಕಳಿಸಿ ಕೇಳಬಯಸುವವರು, ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಡ್ಯಾಕ್ ಕೊಳ್ಳುವ ಮೊದಲು, ತಮ್ಮ ಉಪಕರಣಗಳ ಹಿಂಬದಿಯಲ್ಲಿ ಯಾವ ಜೋಡಣೆಗಳಿವೆ ಎಂದು ನೋಡಿಕೊಳ್ಳಬೇಕು. ಕಂಪ್ಯೂಟರಿಗೆ ಯುಎಸ್‌ಬಿ, ಟಿವಿಗೆ ಸಾಮಾನ್ಯವಾಗಿ ಆಪ್ಟಿಕಲ್ (ಬೆಳಕಿನ ಕೇಬಲ್), ಆಂಪ್ಲಿಫೈಯರಿಗೆ ಆರ್‌ಸಿಎ (ಎಡ-ಬಲಗಳ ಜೋಡಿ ದುಂಡು ಪ್ಲಗ್) ಬೇಕಾಗುತ್ತದೆ.

ಸಿ.ಡಿ.ಯ ಗುಣಮಟ್ಟವೇ 16 ಬಿಟ್ (ಪ್ರತಿ ಅಳತೆಯ ಸೂಕ್ಷ್ಮತೆ), 44.1 ಕಿಲೋಹರ್ಟ್ಸ್ (ಸೆಕೆಂಡಿಗೆ 44,100 ಅಳತೆ) ಆಗಿರುವುದರಿಂದಲೂ, ಹಳೆಯ ಧ್ವನಿಮುದ್ರಣಗಳಲ್ಲಿ ಟೇಪಿನ ಹಿನ್ನೆಲೆಯ ಸದ್ದು 16 ಬಿಟ್‌ನಲ್ಲಿ ಉಳಿಯುವ ಅತಿ ಮೆಲುವಾದ ಸದ್ದಿಗಿಂತ ಜೋರಾಗಿಯೇ ಇರುವುದರಿಂದಲೂ, ಪೆಟ್ಟಿಗೆಯ ಮೇಲಿನ 32 ಬಿಟ್, 768 ಕಿಲೋಹರ್ಟ್ಸ್ ಎಂಬ ಅಂಕಿಗಳಿಗಾಗಿ ಹೆಚ್ಚು ಹಣ ತೆರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಡ್ಯಾಕಿನಿಂದ ಆಂಪ್ಲಿಫೈಯರಿಗೆ ಹೋಗುವ ಸಂಕೇತ, ಅಂದರೆ ಲೈನ್ ಔಟ್‌ಪುಟ್, ಸುಮಾರು 2 ವೋಲ್ಟ್ ಇದ್ದರೆ ಸಾಕು. ಉಳಿದ ಹಣವನ್ನು ಸ್ಪೀಕರಿಗೆ ಇಡಬೇಕು.

ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ತಂಬೂರಿಯ ಷಡ್ಜದ ಹಿಂದೆ ಗುಂಯ್‌ಗುಡುವ ಸದ್ದು ಕೇಳಿಸಿದರೆ, ಅದು ಬಹುತೇಕ ಅರ್ಥಿಂಗಿನ ದೋಷವಾಗಿರುತ್ತದೆ. ವಿದ್ಯುತ್ ಸಂಪರ್ಕವಿಲ್ಲದೆ ಬೆಳಕಿನಿಂದಲೇ ಸಂಕೇತ ಸಾಗಿಸುವ ಆಪ್ಟಿಕಲ್ ಕೇಬಲ್ ಅದನ್ನು ಸಾಮಾನ್ಯವಾಗಿ ತಡೆಯುತ್ತದೆ.