ಮಿಡ್‌ಫೀಲ್ಡರ್ ಆಗಿ ಕ್ಲಬ್ಬಿಗೂ ದೇಶಕ್ಕೂ ಆಡಬಯಸುವ ಹಾಸನದ ಮಕ್ಕಳಿಗೆ

ಫುಟ್‌ಬಾಲ್‌ನಲ್ಲಿ ಮೈದಾನದ ನಡುಭಾಗದಲ್ಲಿ ಆಡುವ ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾನಾದರೂ, ಅವನ ಬೆಲೆ ನಿರ್ಧಾರವಾಗುವುದು ಓಟದಿಂದಲ್ಲ, ನೋಟದಿಂದ. ಆದ್ದರಿಂದ ಮೊದಲು ಕಲಿಯಬೇಕಾದದ್ದು, ಚೆಂಡು ತನ್ನತ್ತ ಬರುವ ಮುನ್ನವೇ ಎರಡೂ ಭುಜಗಳ ಮೇಲಿಂದ ಹಿಂದಿರುಗಿ ನೋಡಿ, ಎದುರಾಳಿ ಎಲ್ಲಿದ್ದಾನೆ, ಖಾಲಿ ಜಾಗ ಎಲ್ಲಿದೆ ಎಂಬುದನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳುವುದು. ಗೆಳೆಯನೊಬ್ಬ ನಿಮ್ಮ ಬೆನ್ನ ಹಿಂದೆ ನಿಂತು ಬೆರಳುಗಳನ್ನು ತೋರಿಸಲಿ. ಇನ್ನೊಬ್ಬ ಚೆಂಡು ಕಳುಹಿಸುವಷ್ಟರಲ್ಲಿ ನೀವು ಆ ಸಂಖ್ಯೆಯನ್ನು ಹೇಳಿ, ಮೈಯನ್ನು ಓರೆಯಾಗಿಟ್ಟು, ಚೆಂಡು ಬರುವ ಕಡೆಯಿಂದ ದೂರವಿರುವ ಕಾಲಿನಿಂದ ಅದನ್ನು ಹಿಡಿತಕ್ಕೆ ತೆಗೆದುಕೊಳ್ಳಿ. ಎಡಗಾಲನ್ನೂ ಬಲಗಾಲಿನಷ್ಟೇ ದುಡಿಸಿ. ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ಅಭ್ಯಾಸ ನಿಲ್ಲಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಒದ್ದೆ ಹುಲ್ಲಿನ ಮೇಲೆ ಜಾರಿ ಬರುವ ಚೆಂಡು ಮೊದಲ ಸ್ಪರ್ಶವನ್ನು ಚೆನ್ನಾಗಿ ತಿದ್ದುತ್ತದೆ.

ಜನನ ಪ್ರಮಾಣಪತ್ರವನ್ನು ಸರಿಯಾಗಿಟ್ಟುಕೊಂಡು, ಕ್ಲಬ್ಬಿನ ಮೂಲಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನಲ್ಲಿ ನೋಂದಾಯಿಸಿಕೊಳ್ಳಿ. ಹಾಸನದಿಂದ ಬೆಂಗಳೂರಿಗೆ ಹೋಗಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್‌ಗಳಲ್ಲಿ ಆಡುವುದು ಮುಂದಿನ ಹೆಜ್ಜೆ. ರಾಜ್ಯ ತಂಡಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು 2022–23ರಲ್ಲಿ ಗೆದ್ದ ಕರ್ನಾಟಕ ತಂಡಕ್ಕೆ ಈ ಲೀಗ್‌ಗಳೇ ಆಸರೆಯಾಗಿದ್ದವು. ಹದಿನೆಂಟು ತುಂಬದವರು ಮೂರು ವರ್ಷಕ್ಕಿಂತ ದೀರ್ಘವಾದ ಕರಾರಿಗೆ ಸಹಿ ಹಾಕುವಂತಿಲ್ಲ ಎಂಬ, ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮವನ್ನು ತಂದೆತಾಯಂದಿರೂ ತಿಳಿದಿರಬೇಕು. ಆಯ್ಕೆ ಮಾಡಿಸುತ್ತೇನೆಂದು ಹಣ ಕೇಳುವವರಿಂದ ದೂರವಿರಿ.

ದೇಶದ ತಂಡಕ್ಕೆ ಭಾರತೀಯ ಪೌರತ್ವ ಕಡ್ಡಾಯ. ಮಣಿಪುರದ ಸುರೇಶ್ ಸಿಂಗ್ ವಾಂಗ್ಜಮ್ 2017ರ ಹದಿನೇಳರೊಳಗಿನವರ ವಿಶ್ವಕಪ್ ಆಡಿ, ಬಳಿಕ ಬೆಂಗಳೂರು ಎಫ್‌ಸಿ ಸೇರಿ, 2021ರಲ್ಲಿ ಹಿರಿಯರ ತಂಡಕ್ಕೆ ಕಾಲಿಟ್ಟ ದಾರಿಯನ್ನು ಗಮನಿಸಿದರೆ, ಕಿರಿಯರ ತಂಡ ಮತ್ತು ಕ್ಲಬ್‌ಗಳಲ್ಲಿ ಸಿಗುವ ನಿರಂತರ ಆಟದ ಸಮಯವೇ ಆಯ್ಕೆಗಾರರ ಕಣ್ಣಿಗೆ ಬೀಳುವ ಬಗೆಯೆಂಬುದು ತಿಳಿಯುತ್ತದೆ.