ಮೂರನೇ ಸಲಕ್ಕೇ ಸೀಳುತ್ತಿದ್ದ ಕೇಸ್‌ಗಳು

ನನ್ನ ಹಳೆಯ 303 ಬೇಟೆ ರೈಫಲ್‌ಗೆ ತೋಟಾ ನಾನೇ ತುಂಬಿಕೊಳ್ಳುತ್ತೇನೆ, ಹಾರಿಸಿದ ಖಾಲಿ ಕೇಸ್‌ಗೆ (ತೋಟಾದ ಹೊರಕೋಶ) ಮತ್ತೆ ಮದ್ದು, ಗುಂಡು ಹಾಕಿ. ಮೂರನೇ ಸಲಕ್ಕೇ ಹಿತ್ತಾಳೆ ಕೇಸ್‌ಗಳ ಬುಡದ ಹತ್ತಿರ ಹೊಳೆಯುವ ಉಂಗುರದಂಥ ಗೆರೆ ಕಾಣತೊಡಗಿತು. ಒಂದಂತೂ ಎರಡು ತುಂಡಾಗಿ, ಮುಂದಿನ ಭಾಗ ಚೇಂಬರ್‌ನಲ್ಲೇ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಲ್ಲೇ, ಉಳಿಯಿತು. ಮದ್ದು ಜಾಸ್ತಿಯಾಯ್ತೇನೋ ಅಂದುಕೊಂಡೆ. ತೂಕ ನೋಡಿದರೆ, ಲೋಡಿಂಗ್ ಕೈಪಿಡಿ ಹೇಳುವ ಆರಂಭದ ಪ್ರಮಾಣವೇ ಇತ್ತು.

ತಪ್ಪು ಬೇರೆ ಕಡೆ ಇತ್ತು. ಈ ತೋಟಾ ಚೇಂಬರ್‌ನಲ್ಲಿ ನಿಲ್ಲುವುದು ಬುಡದ ರಿಮ್ (ಹೊರಚಾಚಿದ ಅಂಚು) ಆಸರೆಯಿಂದ, ಭುಜದಿಂದಲ್ಲ (ಕೇಸ್ ಕತ್ತಿನತ್ತ ಕಿರಿದಾಗುವ ಇಳಿಜಾರು). ಹಳೆ ಚೇಂಬರ್‌ಗಳಲ್ಲಿ ಭುಜದ ಮುಂದೆ ಜಾಗ ಧಾರಾಳ. ಗುಂಡು ಹಾರಿದಾಗ ಕೇಸ್ ಅಷ್ಟೂ ಹಿಗ್ಗುತ್ತದೆ. ನಾನೋ ಪ್ರತಿ ಸಲ ಪೂರ್ತಿ ಸೈಜಿಂಗ್ ಮಾಡಿ, ಅಂದರೆ ಇಡೀ ಕೇಸನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಭುಜವನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಮತ್ತೆ ಹಿಗ್ಗು, ಮತ್ತೆ ತಳ್ಳು. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ, ಅಲ್ವಾ?

ಆ ಕೇಸ್‌ಗಳನ್ನೆಲ್ಲ ಎಸೆದೆ, ಹೊಟ್ಟೆ ಚುರ್ ಅಂದರೂ. ಹೆಡ್‌ಸ್ಪೇಸನ್ನು (ತೋಟಾದ ಹಿಂದೆ ಮುಚ್ಚುವ ಬೋಲ್ಟ್‌ಗೂ ರಿಮ್ ತಡೆಯುವ ಅಂಚಿಗೂ ನಡುವಿನ ಅಂತರ) ಬಂದೂಕು ರಿಪೇರಿಯವರಿಂದ ಗೇಜ್ ಹಾಕಿಸಿ ನೋಡಿಸಿದೆ, ಮಿತಿಯೊಳಗೇ ಇತ್ತು. ಈಗ ಕತ್ತು ಮಾತ್ರ ಸೈಜ್ ಮಾಡುತ್ತೇನೆ. ಹಾಗೆ ಮಾಡಿದ ಕೇಸ್ ಅದೇ ರೈಫಲ್‌ಗೆ ಮಾತ್ರ, ಇನ್ನೊಂದಕ್ಕೆ ಹಾಕುವುದಿಲ್ಲ. ತುಂಬುವ ಮೊದಲು ತುದಿ ಬಗ್ಗಿಸಿದ ಪೇಪರ್ ಕ್ಲಿಪ್ ಇಳಿಸಿ ಒಳಗೋಡೆ ಸವರುತ್ತೇನೆ. ಬುಡದ ಬಳಿ ತಗ್ಗು ತಗುಲಿತೋ, ಕಸಕ್ಕೆ. ಹೊಸ ಕೇಸ್‌ಗಳು ಆರನೇ ಸಲಕ್ಕೂ ಗೆರೆಯಿಲ್ಲದೆ ಹೊರಬಂದಿವೆ.