ಫ್ಲಾರಿಡಾದಲ್ಲಿ ಡಿಗ್ರಿ ಓದಲು ಹೊರಟಿದ್ದೀರಾ? ಕೋರ್ಸ್ ಆರಿಸುವ ಮೊದಲು ಕಾನೂನು ನೋಡಿ

ಅಮೆರಿಕದಲ್ಲಿ ಡಿಗ್ರಿಗೆ ಸೀಟು ಸಿಕ್ಕರೆ ಮನೆಯವರೆಲ್ಲ ಮೇಜರ್ (ಮುಖ್ಯ ವಿಷಯ) ಯಾವುದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ‘ಜೆನ್ ಎಡ್’, ಅಂದರೆ ಮೇಜರ್ ಯಾವುದಿದ್ದರೂ ಎಲ್ಲರೂ ಓದಲೇಬೇಕಾದ ಸಾಮಾನ್ಯ ಕೋರ್ಸ್‌ಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಫ್ಲಾರಿಡಾದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸಾಮಾನ್ಯವಾಗಿ 120 ಕ್ರೆಡಿಟ್‌ಗಳ ಡಿಗ್ರಿಯಲ್ಲಿ 36 ಕ್ರೆಡಿಟ್ ಈ ಜನರಲ್ ಎಜುಕೇಶನ್‌ಗೇ ಹೋಗುತ್ತದೆ. ಅದರಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಈಗ ಅಲ್ಲಿನ ಶಾಸಕರೇ ಕಾನೂನಿನಲ್ಲಿ ಬರೆದಿಟ್ಟಿದ್ದಾರೆ. (ಎಂ.ಎಸ್. ಮಾಡಲು ಹೋಗುವವರಿಗೆ ಈ ತಲೆನೋವಿಲ್ಲ. ಇದು ಬ್ಯಾಚುಲರ್ ಡಿಗ್ರಿಯ ಮಾತು.)

1. ಯೂನಿವರ್ಸಿಟಿ ಸರ್ಕಾರಿಯೋ ಖಾಸಗಿಯೋ ನೋಡಿ

ಹೆಸರು ನಂಬಬೇಡಿ. ಯೂನಿವರ್ಸಿಟಿ ಆಫ್ ಮಯಾಮಿ ಕೇಳಲು ಸರ್ಕಾರಿ ಅನಿಸುತ್ತದೆ, ಆದರೆ ಖಾಸಗಿ. ಗೇನ್ಸ್‌ವಿಲ್‌ನ ಯೂನಿವರ್ಸಿಟಿ ಆಫ್ ಫ್ಲಾರಿಡಾ, ಟಾಲಹಾಸಿಯ ಫ್ಲಾರಿಡಾ ಸ್ಟೇಟ್ ಸೇರಿ 12 ಯೂನಿವರ್ಸಿಟಿಗಳು ರಾಜ್ಯದವು. ಇನ್ನು 28 ಸರ್ಕಾರಿ ಕಾಲೇಜುಗಳಿವೆ. ಕಾನೂನು ಇವಕ್ಕೆ ಮಾತ್ರ.

2. ಮೂರು ಪಟ್ಟಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ

ಇದೊಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲನೆಯದು ಕೋರ್. ಕಮ್ಯುನಿಕೇಶನ್, ಗಣಿತ, ಸಮಾಜ ವಿಜ್ಞಾನ, ಮಾನವಿಕ, ನಿಸರ್ಗ ವಿಜ್ಞಾನ ಎಂಬ ಐದು ವಿಭಾಗಗಳಿವೆ. ರಾಜ್ಯ ಒಪ್ಪಿದ ಚಿಕ್ಕ ಪಟ್ಟಿಯಿಂದ ವಿಭಾಗಕ್ಕೊಂದು ಕೋರ್ಸ್ ಕಡ್ಡಾಯ. ಎರಡನೆಯದು ಜೆನ್ ಎಡ್‌ನ ಉಳಿದ ಭಾಗ, ಇದು ಆಯಾ ಯೂನಿವರ್ಸಿಟಿಯ ಉದ್ದ ಪಟ್ಟಿ. ಮೂರನೆಯದು ಎಲೆಕ್ಟಿವ್ ಮತ್ತು ಮೇಜರ್ ಕೋರ್ಸ್‌ಗಳು. ಶಾಸಕರ ಕತ್ತರಿ ಬಿದ್ದಿರುವುದು ಮುಖ್ಯವಾಗಿ ಮೊದಲ ಎರಡರ ಮೇಲೆ.

3. ಕಾನೂನಿನ ಆ ನಾಲ್ಕು ಸಾಲು ಓದಿ

ಹುಡುಕಬೇಕಾದದ್ದು ಸೆನೆಟ್ ಬಿಲ್ 266. ಗವರ್ನರ್ ರಾನ್ ಡಿಸ್ಯಾಂಟಿಸ್ ಅದಕ್ಕೆ 2023ರ ಮೇ 15ರಂದು ಸಹಿ ಹಾಕಿದರು. ಕೋರ್ ಕೋರ್ಸ್‌ಗಳು ಮುಖ್ಯ ಐತಿಹಾಸಿಕ ಘಟನೆಗಳನ್ನು ತಿರುಚಬಾರದು, ಐಡೆಂಟಿಟಿ ರಾಜಕಾರಣ (ಜನಾಂಗ, ಲಿಂಗದಂಥ ಗುರುತಿನ ಮೇಲೆ ನಡೆಯುವ ರಾಜಕಾರಣ) ಕಲಿಸಬಾರದು ಎನ್ನುತ್ತದೆ ಅದು. ಜನಾಂಗ ಭೇದ, ಲಿಂಗ ಭೇದ ಅಮೆರಿಕದ ಸಂಸ್ಥೆಗಳ ಒಳಗೇ ಬೆರೆತಿವೆ, ಅಸಮಾನತೆ ಉಳಿಸಲೆಂದೇ ಅವನ್ನು ಹುಟ್ಟುಹಾಕಲಾಯಿತು ಎಂಬ ಸಿದ್ಧಾಂತಗಳ ಮೇಲೆ ಕೋರ್ಸ್ ನಿಂತಿರಬಾರದು. ಮಾನವಿಕ ಕೋರ್ಸ್‌ಗಳಲ್ಲಿ ಪಾಶ್ಚಾತ್ಯ ಮೇರು ಕೃತಿಗಳ ಭಾಗ ಇರಲೇಬೇಕು. ಅಂದರೆ ಪಂಪನಿಗೆ ಅಲ್ಲಿ ಖಾತ್ರಿ ಜಾಗ ಇಲ್ಲ, ಬಿಡಿ.

‘ತಿರುಚುವುದು’ ಎಂದರೇನು, ಯಾರು ತೀರ್ಮಾನಿಸಬೇಕು? ಕಾನೂನು ಅದನ್ನು ಬಿಡಿಸಿ ಹೇಳುವುದಿಲ್ಲ. ನನಗೆ ಇದೇ ಅದರ ದೊಡ್ಡ ತೊಂದರೆ ಅನಿಸುತ್ತದೆ. ಮಾತು ಸಡಿಲವಾಗಿದ್ದಷ್ಟೂ ಪಟ್ಟಿ ಮಾಡುವವರು ಹೆದರಿ ಜಾಸ್ತಿ ಕತ್ತರಿಸುತ್ತಾರೆ, ಅಲ್ವಾ?

ಇದನ್ನು 2022ರ ‘ಸ್ಟಾಪ್ ವೋಕ್’ ಕಾಯ್ದೆ ಜೊತೆ ಕಲಸಬೇಡಿ. ಜನಾಂಗ, ಲಿಂಗದ ವಿಷಯದಲ್ಲಿ ತರಗತಿಯಲ್ಲಿ ಮೇಷ್ಟ್ರು ಏನು ಹೇಳಬಾರದು ಎಂದು ಅದು ಹೇಳಿತ್ತು. ಯೂನಿವರ್ಸಿಟಿಗಳ ಮಟ್ಟಿಗೆ ಫೆಡರಲ್ ನ್ಯಾಯಾಧೀಶ ಮಾರ್ಕ್ ವಾಕರ್ ಅದೇ ವರ್ಷ ನವೆಂಬರ್‌ನಲ್ಲಿ ತಡೆ ಕೊಟ್ಟರು. 266 ಬೇರೆ ದಾರಿ ಹಿಡಿದಿದೆ. ವಿಷಯಕ್ಕೆ ನಿಷೇಧ ಹಾಕುವ ಬದಲು ಕಡ್ಡಾಯದ ಪಟ್ಟಿಯಲ್ಲಿ ಅದಕ್ಕಿರುವ ಜಾಗವನ್ನು ಕಿತ್ತುಕೊಳ್ಳುತ್ತದೆ.

4. ಸೋಷಿಯಾಲಜಿಗೆ ಏನಾಯಿತು ನೋಡಿ

2024ರ ಜನವರಿಯಲ್ಲಿ ಕೋರ್ ಪಟ್ಟಿಯಿಂದ ‘ಪ್ರಿನ್ಸಿಪಲ್ಸ್ ಆಫ್ ಸೋಷಿಯಾಲಜಿ’ ತೆಗೆದು ಆ ಜಾಗಕ್ಕೆ ಅಮೆರಿಕದ ಇತಿಹಾಸದ ಕೋರ್ಸ್ ಹಾಕಿದರು. ಕಾಲೇಜುಗಳ ಮಟ್ಟಿಗೆ ರಾಜ್ಯದ ಬೋರ್ಡ್ ಆಫ್ ಎಜುಕೇಶನ್, ಯೂನಿವರ್ಸಿಟಿಗಳ ಮಟ್ಟಿಗೆ ಬೋರ್ಡ್ ಆಫ್ ಗವರ್ನರ್ಸ್ ಈ ತೀರ್ಮಾನ ತೆಗೆದುಕೊಂಡವು. ವಿಷಯ ನಿಂತುಹೋಗಲಿಲ್ಲ, ವಿಭಾಗಗಳು ಮುಚ್ಚಲಿಲ್ಲ. ಆದರೆ ಮೊದಲ ವರ್ಷದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಲೆಕ್ಕಕ್ಕೆ ಬರುವ ಕೋರ್ಸ್ ಆರಿಸುತ್ತಾರೆ. ಕೋರ್‌ನಲ್ಲಿ ಇಲ್ಲದ್ದನ್ನು ಸುಮ್ನೆ ಓದುವವರು ಎಷ್ಟು ಮಂದಿ? ತರಗತಿ ಖಾಲಿಯಾದರೆ ಮುಂದೆ ಮೇಷ್ಟ್ರ ಹುದ್ದೆಗೂ ಕುತ್ತು.

ಮೆಡಿಕಲ್ ಕನಸಿರುವವರು ಇಲ್ಲಿ ಎಚ್ಚರ ವಹಿಸಬೇಕು. ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ 2015ರಿಂದ ಸೈಕಾಲಜಿ-ಸೋಷಿಯಾಲಜಿಯ ಭಾಗ ಇದೆ. ಕೋರ್‌ನಲ್ಲಿ ಇಲ್ಲ ಅಂತ ಬಿಡಬೇಡಿ, ಎಲೆಕ್ಟಿವ್ ಆಗಿ ತೆಗೆದುಕೊಳ್ಳಿ.

5. ಕೋರ್ಸ್ ನಂಬರ್ ಓದಲು ಕಲಿಯಿರಿ

ಮೂರು ಅಕ್ಷರ ವಿಷಯ ಹೇಳುತ್ತವೆ: ‘ಎಸ್‌ವೈಜಿ’ ಸೋಷಿಯಾಲಜಿ, ‘ಎಎಂಎಚ್’ ಅಮೆರಿಕದ ಇತಿಹಾಸ. ನಾಲ್ಕು ಅಂಕಿಯಲ್ಲಿ ಮೊದಲನೆಯದು ಮಟ್ಟ ತೋರಿಸುತ್ತದೆ. ಅಕ್ಷರಗಳೂ ಕೊನೆಯ ಮೂರು ಅಂಕಿಗಳೂ ಒಂದೇ ಇದ್ದರೆ ಸಾಮಾನ್ಯವಾಗಿ ಸಮಾನ ಕೋರ್ಸ್. ಎರಡು ವರ್ಷ ಕಾಲೇಜು ಮುಗಿಸಿ ಯೂನಿವರ್ಸಿಟಿಗೆ ಹೋಗುವವರು ಅದೇ ಕೋರ್ಸ್ ಮತ್ತೆ ಓದದಂತೆ ಮಾಡಿ ಇದು ದುಡ್ಡು ಉಳಿಸುತ್ತದೆ.

6. ಸಿವಿಕ್ ಲಿಟರಸಿ ಮರೆಯಬೇಡಿ

2021-22ರಿಂದ ಸೇರಿದವರಿಗೆ ಅಮೆರಿಕದ ಸಂವಿಧಾನ, ಸರ್ಕಾರದ ಬಗ್ಗೆ ಒಂದು ಕೋರ್ಸೂ ಬೇಕು, ಒಂದು ಪರೀಕ್ಷೆಯೂ ಬೇಕು. ರಾಜ್ಯದ ಪರೀಕ್ಷೆಯಲ್ಲಿ 80 ಪ್ರಶ್ನೆ, ಪಾಸಾಗಲು 48 ಸರಿ ಇರಬೇಕು. ಕೊನೆಯ ಸೆಮಿಸ್ಟರ್‌ವರೆಗೆ ಎಳೆಯಬೇಡಿ.

7. ಯೂನಿವರ್ಸಿಟಿಯ ಅಡ್ವೈಸರ್‌ಗೆ (ಕೋರ್ಸ್ ಸಲಹೆಗಾರರಿಗೆ) ಈಮೇಲ್ ಹಾಕಿ

ಕೇಳಬೇಕಾದ್ದು ಒಂದೇ: ‘ನನ್ನ ಕ್ಯಾಟಲಾಗ್ ವರ್ಷ ಯಾವುದು, ಈ ಕೋರ್ಸ್ ಆ ವರ್ಷದ ಜೆನ್ ಎಡ್ ಪಟ್ಟಿಯಲ್ಲಿದೆಯೇ?’ ಸಾಮಾನ್ಯವಾಗಿ ಸೇರಿದ ವರ್ಷದ ನಿಯಮವೇ ನಿಮ್ಮದು. ಸೀನಿಯರ್ ಕೊಟ್ಟ ಹಳೆ ಪಟ್ಟಿ ನಂಬಬೇಡಿ. ಉತ್ತರ ಬಾಯಿಮಾತಲ್ಲಿ ಬೇಡ, ಬರಹದಲ್ಲಿರಲಿ. ನಮ್ಮ ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಆದೇಶ ಹೊರಟು ಮತ್ತೆ ಮೂರು ವರ್ಷವಾಯಿತು. ಯಾವ ಬ್ಯಾಚ್‌ಗೆ ಯಾವ ನಿಯಮ ಎಂಬ ಗೊಂದಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟೆಕ್ಸಾಸ್‌ಗೆ ಹೊರಟವರ ಲೆಕ್ಕ ಬೇರೆ. ಅಲ್ಲಿ ಕೋರ್ 42 ಕ್ರೆಡಿಟ್, ಅದರಲ್ಲಿ ಇತಿಹಾಸಕ್ಕೆ 6, ಸರ್ಕಾರ-ಸಂವಿಧಾನಕ್ಕೆ 6. 2025ರ ಸೆನೆಟ್ ಬಿಲ್ 37 ಪ್ರಕಾರ ಆಡಳಿತ ಮಂಡಳಿಗಳು ಜೆನ್ ಎಡ್ ಪಟ್ಟಿಯನ್ನು ಐದು ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ನಿಮ್ಮ ಕೈಲಿರುವ ಪಟ್ಟಿ ಆ ಪರಿಶೀಲನೆಗೆ ಮೊದಲಿನದೋ ಆಮೇಲಿನದೋ ಎಂದೂ ಅದೇ ಈಮೇಲ್‌ನಲ್ಲಿ ಕೇಳಿ.